ಶಿಬಿರದ ಚಿತ್ರದಲ್ಲಿ ಯಾರ್ಯಾರು

ಮಾರ್ಚ್ 11, 2025, ಮಂಗಳವಾರ

ಮಿರ್ಲೆ ಹೋಬಳಿಯ ಈ ಊರಿನಲ್ಲಿ ನಮ್ಮ ಎನ್‌ಎಸ್‌ಎಸ್ ಶಿಬಿರ ಅರ್ಧ ಮುಗಿಯಿತು. ಬೆಳಿಗ್ಗೆ ಶ್ರಮದಾನ, ಸಂಜೆ ಭಾಷಣ. ಭಾಷಣದ ಹೊತ್ತಿಗೆ ಹುಡುಗರು ತೂಕಡಿಸುತ್ತಾರೆ. ಹಗಲೆಲ್ಲ ಗುದ್ದಲಿ ಹಿಡಿದ ಮೈ, ಇನ್ನೇನು ಮಾಡೀತು? ನಾಳೆ ಭಾಷಣ ಬೇಡ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ 1973ರಲ್ಲಿ ಪೆರುವಿನ ಸಾಕ್ಷರತಾ ಆಂದೋಲನದಲ್ಲಿ ಮಾಡಿಸಿದಂತೆ, ಮಾತಿಲ್ಲದೆ ಮೈಯಿಂದಲೇ ಚಿತ್ರ ಕಟ್ಟಿಸಿ, ಆಮೇಲೆ ಅದರ ಬಗ್ಗೆ ಮಾತಾಡಿಸಬೇಕು.

ಮಾರ್ಚ್ 12, ಬುಧವಾರ

ಶಾಲೆಯ ಜಗಲಿ. ಸ್ತಬ್ಧಚಿತ್ರ ಅಂದೊಡನೆ ಹುಡುಗರಿಗೆ ನೆನಪಾದದ್ದು ದಸರಾ ಮೆರವಣಿಗೆ. ಥರ್ಮೋಕೋಲ್ ಇಲ್ಲ, ಲೈಟಿಲ್ಲ, ನೀವೇ ಚಿತ್ರ ಅಂದೆ. ‘ಈ ವಾರ ಇಲ್ಲಿ ನಡೆದದ್ದನ್ನು ತೋರಿಸಿ.’ ಒಂದು ಗುಂಪು ಚರಂಡಿ ಬಳಿಯುವಂತೆ ಸನಿಕೆ ಹಿಡಿದು ಬಗ್ಗಿ ನಿಂತಿತು. ಪಕ್ಕದಲ್ಲಿ ಇಬ್ಬರು ಕುಕ್ಕರಗಾಲಲ್ಲಿ ಕೂತು ಕೈಮುಗಿದರು. ಅವರು ಊರವರಂತೆ! ಒಬ್ಬ ಫೋನೆತ್ತಿ ಫೋಟೊ ಹೊಡೆಯುತ್ತಿದ್ದ. ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಹುಡುಗಿಯೊಬ್ಬಳು, ‘ಸಾರ್, ಇಲ್ಲಿ ನಮಗೆ ಯಾರೂ ಕೈಮುಗಿದೇ ಇಲ್ಲವಲ್ಲ’ ಅಂದಳು. ಆಮೇಲೆ ಶುರುವಾದ ಜಗಳ ಊಟದ ಗಂಟೆ ಹೊಡೆದರೂ ನಿಲ್ಲಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತದ್ದೇ ದೊಡ್ಡದು. ಮೇಷ್ಟ್ರ ನಾಲಿಗೆ, ಸುಮ್ಮನಿರುವುದಿಲ್ಲ.

ನೋಡಲು ಬಂದಿದ್ದ ಅಜ್ಜಿಯೊಂದು ಕೇಳಿತು: ‘ಅಲ್ಲಾ ಕಣ್ ಮಕ್ಳಾ, ಮೋರಿ ಬಳಿಸ್ಬೇಕಾದೋರು ಎಲ್ಲವ್ರೆ ಇದ್ರಲ್ಲಿ?’

ಪಂಚಾಯ್ತಿ ಸದಸ್ಯರಾಗಲಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಲಿ ಯಾವ ಗುಂಪಿನ ಚಿತ್ರದಲ್ಲೂ ಇರಲಿಲ್ಲ. ಚರಂಡಿ ಗ್ರಾಮ ಪಂಚಾಯ್ತಿಯ ಹೊಣೆ, 1993ರ ಕಾಯ್ದೆಯಲ್ಲೇ ಇದೆ. ರಾಜ್ಯಶಾಸ್ತ್ರ ಓದುವವರು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದಾರೆ.

ಮಾರ್ಚ್ 13, ಗುರುವಾರ

ಅದೇ ಚಿತ್ರವನ್ನು ಇವತ್ತು ಊರವರು ತಿದ್ದಿದರು. ಅಜ್ಜಿ ಒಬ್ಬ ಹುಡುಗನ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿ, ‘ನೀನು ಮೆಂಬ್ರು’ ಎಂದಿತು. ಕೈಮುಗಿದು ಕೂತವರನ್ನು ಎಬ್ಬಿಸಿ ಅವನೆದುರು ನಿಲ್ಲಿಸಿತು. ಸನಿಕೆಯವರನ್ನು ಮೂಲೆಗೆ ತಳ್ಳಿತು. ಊರವರು ಸದಸ್ಯರನ್ನು ಎದುರೇ ಕೇಳುವ ವಾರ್ಡ್ ಸಭೆ ಎಂದರೇನೆಂದು ಹುಡುಗರಿಗೆ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಆದರೆ ಊರಿನ ಯುವಕನೊಬ್ಬ, ‘ಹಿಂಗೆ ಎದುರಿಗೆ ನಿಂತ್ಕಂಡ್ರೆ ನಾಳೆ ಪಂಚಾಯ್ತಿಯಿಂದ ಬರೋ ನಮ್ಮನೆ ಬಿಲ್ಲು ನಿಲ್ತದೆ ಸಾರ್’ ಅಂದ. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ, ನನ್ನ ಬಳಿಯೂ.

ಮಾರ್ಚ್ 15, ಶನಿವಾರ

ವರದಿ ಬರೆಯುತ್ತಿದ್ದೇನೆ. ಎಷ್ಟು ಮೀಟರ್ ಚರಂಡಿ, ಎಷ್ಟು ಗಿಡ, ಎಷ್ಟು ಫೋಟೊ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಹುಟ್ಟಿದ ಈ ಎನ್‌ಎಸ್‌ಎಸ್ ಯೋಜನೆಯ ಧ್ಯೇಯ ‘ನನಗಲ್ಲ, ನಿನಗೆ’. ಒಳ್ಳೆಯದೇ. ಆದರೆ ಅದರಲ್ಲಿ ಕೊಡುವವನು ನಿಂತೇ ಇರುತ್ತಾನೆ, ಪಡೆಯುವವನು ಕೂತೇ ಇರುತ್ತಾನೆ. ಮುಂದಿನ ಶಿಬಿರದ ದಿನವನ್ನು ವಾರ್ಡ್ ಸಭೆಯ ತಾರೀಖು ವಿಚಾರಿಸಿಕೊಂಡೇ ಗೊತ್ತುಮಾಡಬೇಕು.