ಮೂರನೆಯ ಬಟ್ಟಲಿನ ತನಕ

ನಮ್ಮ ಚಿಕ್ಕಮಗಳೂರು ಕಡೆ ಅರೇಬಿಕಾದಲ್ಲೂ ಮೇಲು-ಕೀಳು ಉಂಟು. ಹಣ್ಣನ್ನು ಪಲ್ಪರ್‌ಗೆ ಕೊಟ್ಟು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಸಿಪ್ಪೆಸಮೇತ ಕಣದಲ್ಲಿ ಹರವಿದರೆ ಚೆರಿ. ಬೆಲೆ, ಮರ್ಯಾದೆ ಎರಡೂ ಪಾರ್ಚ್‌ಮೆಂಟಿಗೇ. ಈ ತಿಳಿವಳಿಕೆಯ ಜೊತೆ ಮನೆಯ ಸ್ಟೀಲ್ ಫಿಲ್ಟರನ್ನೂ ಚೀಲಕ್ಕೆ ಹಾಕಿಕೊಂಡು ಒಂದು ಡಿಸೆಂಬರಿನಲ್ಲಿ ಇಥಿಯೋಪಿಯಾಕ್ಕೆ ಹೋದೆ.

ಆಡಿಸ್ ಅಬಾಬದಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರ್ ಹೋದರೆ ಯಿರ್ಗಚೆಫೆ. ಹವಾಸಾ ಸರೋವರ ದಾಟಿದ ಮೇಲೆ ಸಿಕ್ಕ ಕೆಂಪು ಮಣ್ಣು, ಏರುದಾರಿ ನೋಡಿ ಮೂಡಿಗೆರೆಯೇ ಅನ್ನಿಸಿತು. ಆದರೆ ಇಲ್ಲಿ ಸಿಲ್ವರ್ ಓಕ್ ಇಲ್ಲ, ಸಾಲು ಹಿಡಿದ ಗಿಡಗಳೂ ಇಲ್ಲ. ಇಲ್ಲಿನ ಗೆದೆಯೊ ಜನರಿಗೆ ಹಿತ್ತಲೇ ತೋಟ. ಕಾಫಿಯ ನಡುವೆ ಬಾಳೆ ಕಂಡು ಗೊನೆ ಹುಡುಕಿದೆ, ಒಂದೂ ಇಲ್ಲ. ಅದು ಬಾಳೆಯಲ್ಲ, ಎನ್ಸೆಟ್. ಅದರ ದಿಂಡು, ಗಡ್ಡೆ ಹೆರೆದು, ಗುಂಡಿಯಲ್ಲಿ ಹುಳಿ ಬರಿಸಿ ರೊಟ್ಟಿ ಮಾಡುತ್ತಾರೆ. ಮೇಲೆ ಕಾಡುಮರ, ನಡುವೆ ಎನ್ಸೆಟ್, ಬುಡದಲ್ಲಿ ಕಾಫಿ. ಈ ಬೇಸಾಯದ ನೆಲವನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಫಿ ಒಣಗಿಸುವ ಕಡೆ ಸೊಂಟದೆತ್ತರದ ಅಟ್ಟಣಿಗೆಗಳು. ಬಲೆಯ ಮೇಲೆ ಹಣ್ಣು ಒಂದೇ ಪದರವಾಗಿ ಹರವಿದೆ. ಹೆಂಗಸರು ಎರಡೂ ಬದಿ ನಿಂತು ಕೈಯಾಡಿಸುತ್ತ, ಕಾಯಿ-ಕೊಳೆತದ್ದನ್ನು ಹೆಕ್ಕುತ್ತಾರೆ; ಬಿಸಿಲು ಚುರುಕಾದರೆ ಹೊದಿಸುತ್ತಾರೆ. ಎರಡು-ಮೂರು ವಾರ ಇದೇ ಆರೈಕೆ. ಬಾಣಂತಿಗೆ ಮಾಡುವಂಥ ಈ ಉಪಚಾರ ನಾವು ಕಡೆಗಣಿಸುವ ಚೆರಿಗೆ!

ರುಚಿ ನೋಡಿದೆ. ತೊಳೆದ ಕಾಫಿಯಲ್ಲಿ ಮಲ್ಲಿಗೆಯ ಘಮ, ನಿಂಬೆಯ ಹುಳಿ. ಚೆರಿಯಲ್ಲಿ ಮಾಗಿದ ನೇರಳೆ ಹಣ್ಣು. ಬೀಜಕ್ಕೆ ಅಂಟಿದ ತಿರುಳು ಒಣಗುತ್ತಲೇ ಹುದುಗುವುದರಿಂದ ಬರುವ ಗುಣವಂತೆ. ಆ ರಾತ್ರಿ ನನ್ನ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಹಾಲು ಬೆರೆಸಿದೆ. ಮಲ್ಲಿಗೆಯೂ ಇಲ್ಲ, ನೇರಳೆಯೂ ಇಲ್ಲ. ಇಷ್ಟು ದೂರ ಬಂದು ಇಂಥ ಕಾಫಿ ಕೆಡಿಸಿದವನು ನಾನೇ. ನಮ್ಮ ಹಾಲಿಗೆ ಎದೆಯೊಡ್ಡಿ ನಿಲ್ಲಲು ಕಪ್ಪಗೆ ಹುರಿದ ಬೀಜ, ಚಿಟಿಕೆ ಚಿಕೋರಿ ಬೇಕು.

ಮರುದಿನ, ನನ್ನನ್ನು ಕರೆತಂದ ಚಾಲಕನ ಅಕ್ಕನ ಮನೆ. ನೆಲದ ಮೇಲೆ ಹಸಿ ಹುಲ್ಲು, ಮೂಲೆಯಲ್ಲಿ ಧೂಪ. ಆಕೆ ಹಸಿ ಬೀಜ ತೊಳೆದು, ಕೆಂಡದ ಮೇಲೆ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಬಳಿಗೂ ತಂದಳು. ಒರಳಲ್ಲಿ ಕುಟ್ಟಿ, ಉದ್ದ ಕತ್ತಿನ ಮಣ್ಣಿನ ಹೂಜಿ ‘ಜೆಬೆನಾ’ದಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಸುರಿದಳು. ಹಾಲಿಲ್ಲ. ಮೊದಲ ಸುತ್ತು ಅಬೋಲ್. ಅದೇ ಚರಟಕ್ಕೆ ನೀರು ಹೊಯ್ದು ಎರಡನೆಯದು, ತೋನಾ. ಇನ್ನೊಮ್ಮೆ ಕುದಿಸಿದರೆ ಮೂರನೆಯದು, ಬರಕಾ. ಹಾಗೆಂದರೆ ಆಶೀರ್ವಾದ. ಅದಕ್ಕೆ ಮೊದಲು ಎದ್ದು ಹೋಗುವುದು ಸಲ್ಲ. ಎರಡು ಗಂಟೆಯೇ ಹಿಡಿಯಿತು.

ಆಕೆ ನನ್ನ ಫಿಲ್ಟರನ್ನು ಕೇಳಿ ತರಿಸಿಕೊಂಡು, ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಇದರಲ್ಲಿ ಎಷ್ಟು ಸಲ ಇಳಿಸುತ್ತೀರಿ ಎಂದು ಚಾಲಕನ ಬಾಯಲ್ಲಿ ಕೇಳಿಸಿದಳು. ಎರಡು ಸಲ, ಎಂದೆ. ನೆಂಟರಿಗೆ ಮೊದಲನೆಯದು, ಮಿಕ್ಕವರಿಗೆ ಎರಡನೆಯದು ಎಂಬುದನ್ನು ನುಂಗಿಕೊಂಡೆ.

“ಎರಡನೆಯದಕ್ಕೆ ಏನಂತೀರಿ?”

“ಎರಡನೇ ಡಿಕಾಕ್ಷನ್,” ಅಂದೆ. ನಾನು ಇನ್ನೂ ಏನೋ ಹೇಳಿಯೇನೆಂದು ಆಕೆ ಕಾಯುತ್ತಿದ್ದಳು.