ಜಮಾ ಬರೆಯದ ಲೆಕ್ಕ

ಬೆಳಗಿನ ಜಾವ ನಾಲ್ಕೂವರೆ ಗಂಟೆ. ಹೊಳೆನರಸೀಪುರದಲ್ಲಿ ಹಾಲು ಹಾಕುವವರು, ಮೊದಲ ಬಸ್ಸು ಹಿಡಿಯುವವರು, ಪರೀಕ್ಷೆಗೆ ಓದುವ ಮಕ್ಕಳು, ಇಷ್ಟು ಜನರನ್ನು ಬಿಟ್ಟರೆ ಊರಿನ್ನೂ ಮಲಗಿರುತ್ತದೆ. ಆ ಹೊತ್ತಿಗೆ ಹೇಮಾವತಿ ಸೇತುವೆಯ ಮೇಲೆ ಒಬ್ಬರು ಓಡುತ್ತಾ ಹೋಗುತ್ತಾರೆ. ವಯಸ್ಸು ಐವತ್ತರ ಹತ್ತಿರ. ಚಡ್ಡಿ, ಮಾಸಿದ ಬನಿಯನ್ನು, ಕಾಲಿಗೆ ಮಾತ್ರ ಬೆಲೆಬಾಳುವ ಬೂಟು. ಮೊದಮೊದಲು ಅವರನ್ನು ಕಂಡು ನಾಯಿಗಳು ಬೊಗಳುತ್ತಿದ್ದವು, ಜನ ಪ್ರಶ್ನೆ ಕೇಳುತ್ತಿದ್ದರು. ಈಗ ಎರಡೂ ನಿಂತಿವೆ.

ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ಅವರ ಉದ್ಯೋಗ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮಂಡಿಗೆ ಕಂಪ್ಯೂಟರ್ ಬಂದು ಎಷ್ಟೋ ವರ್ಷಗಳಾದರೂ ರೋಕಡಿ ಪುಸ್ತಕ ಬರೆಯುವ ರೂಢಿಯನ್ನು ಅವರು ಬಿಟ್ಟಿಲ್ಲ. ಎಡಗಡೆ ಜಮಾ, ಬಲಗಡೆ ಖರ್ಚು, ಸಂಜೆ ಬಾಗಿಲು ಹಾಕುವ ಮುಂಚೆ ಬಾಕಿ. ಒಂದು ರೂಪಾಯಿ ತಾಳೆಯಾಗದಿದ್ದರೆ ಕೊನೆಯ ಬಸ್ಸು ತಪ್ಪಿದರೂ ಸರಿಯೆ, ಕುರ್ಚಿ ಬಿಟ್ಟು ಏಳುವವರಲ್ಲ. ಇಂಥ ಮನುಷ್ಯ ತಮ್ಮ ದೇಹದ ಲೆಕ್ಕದಲ್ಲಿ ಮಾತ್ರ ಒಂದು ದೊಡ್ಡ ತಪ್ಪು ಮಾಡಿದರು.

ಅವರು ಓಡಲು ಶುರುಮಾಡಿದ್ದು ಶೋಕಿಗಲ್ಲ, ಹೆದರಿಕೆಗೆ. ಅವರ ತಂದೆ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡು, ಕೊನೆಯ ನಾಲ್ಕು ವರ್ಷಗಳನ್ನು ನಡುಮನೆಯ ಮಂಚದ ಮೇಲೆಯೇ ಕಳೆದಿದ್ದರು. 2020ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಮಗನೂ ರಕ್ತಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 118 ಎಂದು ಬಂತು. ನೂರರ ಒಳಗಿರಬೇಕಾದದ್ದು ಅದು. 126 ಮುಟ್ಟಿದರೆ ಕಾಯಿಲೆ. ‘ಇನ್ನೂ ಗಡಿಯಲ್ಲಿದ್ದೀರಿ, ನಡೆಯಿರಿ’ ಎಂದರು ವೈದ್ಯರು. ನಡಿಗೆ ಓಟವಾಯಿತು. ಒಂದು ಕಿಲೋಮೀಟರ್ ಐದಾಯಿತು, ಐದು ಹತ್ತಾಯಿತು. ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ರಜಾದಿನಗಳಲ್ಲಿ ಹೋಗಿ ಸುತ್ತು ಹಾಕಿದರು. ವರ್ಷದೊಳಗೆ ಸಕ್ಕರೆ ನೂರಕ್ಕಿಂತ ಕೆಳಗಿಳಿಯಿತು. ಅಂದಿನಿಂದ ಅವರಿಗೆ ಓಟವೆಂದರೆ ಔಷಧಿ. ಒಂದು ದಿನ ತಪ್ಪಿದರೂ ಆ ಮಂಚ ಕಣ್ಣ ಮುಂದೆ ಬರುತ್ತಿತ್ತು.

‘ಮ್ಯಾರಥಾನ್ ಅಂದರೆ ಬೆಂಗಳೂರಿನವರ ಶೋಕಿ ಕಣ್ರೀ’ ಎಂದು ಮಂಡಿಯಲ್ಲಿ ಯಾರಾದರೂ ನಕ್ಕರೆ ಅವರ ಬಳಿ ಒಂದು ಉತ್ತರ ಸಿದ್ಧವಿತ್ತು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿದವರಲ್ಲಿ ಒಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ. ಮ್ಯಾರಥಾನಿನ ದೂರ 42.195 ಕಿಲೋಮೀಟರ್ ಎಂದು ಇನ್ನೂ ಖಾಯಂ ಆಗಿರದ ಕಾಲ ಅದು. ಆ ಸಲದ ದಾರಿ 42.75 ಕಿಲೋಮೀಟರ್. ಚೌಗುಲೆ ಅದನ್ನು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದರು. ಇದನ್ನು ಹೇಳಿ ಗುಮಾಸ್ತರು ಪುಸ್ತಕಕ್ಕೆ ತಲೆ ತಗ್ಗಿಸುತ್ತಿದ್ದರು.

ಅವರ ಮೊದಲ ಪೂರ್ಣ ಮ್ಯಾರಥಾನ್ 2023ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ. ಅದಕ್ಕಾಗಿ ಮಳೆಗಾಲವಿಡೀ ತಯಾರಿ ನಡೆಯಿತು. ವಾರದಲ್ಲಿ ಐದು ದಿನ ನಾಲೆ ಏರಿಯ ಮಣ್ಣಿನ ದಾರಿ, ಭಾನುವಾರ ಅರಕಲಗೂಡಿನ ರಸ್ತೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಆ ಕಡೆಯ ಹಳ್ಳಿಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳ ವಾಸನೆ ರಸ್ತೆಯವರೆಗೂ ಬರುತ್ತದೆ. ಅರಕಲಗೂಡಿನಲ್ಲಿರುವ ಮಾವನ ಮನೆ ಮುಟ್ಟಿದರೆ ಆ ವಾರದ ದೀರ್ಘ ಓಟ ಮುಗಿದಂತೆ. ಮೊದಲ ಸಲ ಬೆವರು ಸುರಿಸಿಕೊಂಡು ಜಗಲಿಯ ಮೇಲೆ ಕುಸಿದ ಅಳಿಯನನ್ನು ಕಂಡು ಅತ್ತೆ ಗಾಬರಿಯಾಗಿ, ‘ಯಾಕೆ ಅಳಿಯಂದಿರೇ, ಬಸ್ಸು ಸಿಕ್ಕಲಿಲ್ಲವೇ?’ ಎಂದು ಕೇಳಿದ್ದರಂತೆ.

ಬೆಂಗಳೂರಿನ ಓಟ 4 ಗಂಟೆ 41 ನಿಮಿಷದಲ್ಲಿ ಮುಗಿಯಿತು. ಆದರೆ ಮೂವತ್ತನೆಯ ಕಿಲೋಮೀಟರಿನ ನಂತರ ಕಾಲುಗಳು ಅವರದಾಗಿರಲಿಲ್ಲ. ಇದಕ್ಕೆ ಸರಳವಾದ ಲೆಕ್ಕವಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚೆಂದರೆ 500 ಗ್ರಾಂನಷ್ಟು. ಗ್ರಾಂಗೆ 4 ಕಿಲೋಕ್ಯಾಲರಿಯಂತೆ 2,000 ಕಿಲೋಕ್ಯಾಲರಿ. ಓಟಕ್ಕೆ ಬೇಕಾಗುವ ಶಕ್ತಿಯೋ, ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿ. ಅರವತ್ತೈದು ಕಿಲೋ ತೂಕದವರಿಗೆ 42 ಕಿಲೋಮೀಟರಿಗೆ 2,700ರಷ್ಟು. ಕೊರತೆಯನ್ನು ಕೊಬ್ಬು ತುಂಬಿಕೊಡುತ್ತದೆ. ಆದರೆ ಕೊಬ್ಬು ಹಸಿ ಸೌದೆಯಂತೆ, ನಿಧಾನವಾಗಿ ಉರಿಯುತ್ತದೆ. ಸಕ್ಕರೆ ಮುಗಿಯುತ್ತಾ ಬಂದ ಹಾಗೆ ಓಟಗಾರ ಕುಸಿಯುತ್ತಾನೆ.

ಮರುದಿನ ಮಂಡಿಯ ಮೆಟ್ಟಿಲನ್ನು ಅವರು ಹಿಮ್ಮುಖವಾಗಿ ಇಳಿದರು. ಹತ್ತುವಾಗ ಇಲ್ಲದ ನೋವು ಇಳಿಯುವಾಗ ಯಾಕೆ? ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗಬೇಕು. ಹಾಗೆ ಎಳೆದಾಡಿದಾಗಲೇ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಹರಿತಗಳಾಗುವುದು. ಮ್ಯಾರಥಾನಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಕಾಲಿಗೆ ಬೀಳುವ ಭಾರ ದೇಹದ ತೂಕದ ಎರಡು ಮೂರು ಪಟ್ಟು. ರಿಪೇರಿಗೆ ಕಾಲ ಬೇಕು.

ಅವರು ಕಾಲ ಕೊಡಲಿಲ್ಲ. ಮುಂದಿನ ಜನವರಿಗೆ ಮುಂಬಯಿ ಮ್ಯಾರಥಾನಿಗೆ ಹೆಸರು ಕೊಟ್ಟಾಗಿತ್ತು. ನಡುವೆ ಇದ್ದುದು ಹದಿನೈದು ವಾರ. ನಾಲ್ಕನೆಯ ದಿನವೇ ಬೂಟು ಕಟ್ಟಿದರು. ‘ಸ್ವಲ್ಪ ದಿನ ಸುಮ್ಮನಿರಬಾರದೇ?’ ಎಂದ ಹೆಂಡತಿಯ ಮಾತು ಕಿವಿಗೆ ಬೀಳಲಿಲ್ಲ. ಹಳೆಯದೊಂದು ರೋಕಡಿ ಪುಸ್ತಕದಲ್ಲಿ ಅವರು ಓಟದ ಲೆಕ್ಕವನ್ನೂ ಬರೆಯುತ್ತಿದ್ದರು: ತಾರೀಖು, ದೂರ, ಹೊತ್ತು. ಒಂದು ಸಾಲು ಖಾಲಿ ಬಿಟ್ಟರೆ ಪಾಪ ಮಾಡಿದಂತೆ ಅನ್ನಿಸುತ್ತಿತ್ತು.

ನವೆಂಬರಿನ ಕೊನೆಯಲ್ಲಿ ಎಡಗಾಲಿನ ಮೊಣಕಾಲ ಕೆಳಗೆ, ಮುಂಭಾಗದ ಮೂಳೆಯಲ್ಲಿ, ಒಂದು ಬೆರಳಿನಷ್ಟು ಜಾಗದಲ್ಲಿ ನೋವು ಕಾಣಿಸಿತು. ಎಣ್ಣೆ ತಿಕ್ಕಿದರು, ಓಡಿದರು. ಬಟ್ಟೆ ಬಿಗಿದು ಕಟ್ಟಿದರು, ಓಡಿದರು. ಡಿಸೆಂಬರಿನ ಒಂದು ಭಾನುವಾರ ಅರಕಲಗೂಡಿಗೆ ಕುಂಟುತ್ತಾ ಬಂದ ಅಳಿಯನನ್ನು ಮಾವ ಸುಮ್ಮನೆ ನೋಡಿದರು. ಅವರೆಕಾಳಿನ ಸಾರು, ಮುದ್ದೆ ಮುಗಿದ ಮೇಲೆ ಹಿತ್ತಲಿನಾಚೆಯ ಹೊಲ ತೋರಿಸಿ ಹೇಳಿದರು: ‘ಹೋದ ವರ್ಷ ಇದರಲ್ಲಿ ಶುಂಠಿ ಹಾಕಿದ್ದೆ. ಒಳ್ಳೇ ರೇಟು ಸಿಕ್ತು. ಆಸೆಬಿದ್ದು ಈ ವರ್ಷವೂ ಹಾಕಿದ್ದರೆ ಕೊಳೆರೋಗ ಬಂದು ಗೆಡ್ಡೆಯೆಲ್ಲ ಮಣ್ಣುಪಾಲಾಗ್ತಿತ್ತು. ಅದಕ್ಕೇ ರಾಗಿ ಚೆಲ್ಲಿದೀನಿ.’ ಓಟದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಮೂರು ದಿನಗಳ ನಂತರ ಹಾಸನದ ಆಸ್ಪತ್ರೆಯೊಂದರಲ್ಲಿ ವೈದ್ಯರು ಮೂಳೆಯ ಮೇಲೆ ಬೆರಳೊತ್ತಿದಾಗ ಅವರು ಕುರ್ಚಿಯಿಂದ ಎದ್ದುಬಿಟ್ಟರು. ಕೂದಲೆಳೆಯಷ್ಟು ಬಿರುಕು. ಇಂಥ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಕಂಡಾಗ ಅದರ ಸುತ್ತ ಹೊಸ ಮೂಳೆ ಕೂಡಿಕೊಳ್ಳಲು ಶುರುವಾಗಿರುತ್ತದೆ. ‘ಎಂಟು ವಾರ ಓಡುವ ಹಾಗಿಲ್ಲ. ಓಡಿದರೆ ಮೂಳೆ ಪೂರ್ತಿ ಮುರಿಯಬಹುದು’ ಎಂದರು ವೈದ್ಯರು. ‘ಸುಮ್ಮನೆ ಕೂತರೆ ಸಕ್ಕರೆ?’ ಎಂದು ಇವರು ಕೇಳಿದ ದನಿಯಲ್ಲಿ ಏನಿತ್ತೋ, ವೈದ್ಯರು ಪೆನ್ನು ಕೆಳಗಿಟ್ಟು ಸಮಾಧಾನವಾಗಿ ವಿವರಿಸಿದರು. ವಿಶ್ರಾಂತಿಯೆಂದರೆ ಮಂಚ ಹಿಡಿಯುವುದಲ್ಲ. ಊಟದಲ್ಲಿ ಹಿಡಿತವಿರಲಿ, ಕೈ ಮತ್ತು ಬೆನ್ನಿನ ವ್ಯಾಯಾಮ ಇರಲಿ, ನೋವು ಹೋದಮೇಲೆ ನಡಿಗೆ, ಬಳಿಕ ಸೈಕಲ್ಲು. ಕೆಲವು ವಾರ ಓಡದಿದ್ದರೆ ನಾಲ್ಕು ವರ್ಷಗಳ ಗಳಿಕೆ ಕರಗಿಹೋಗುವುದಿಲ್ಲ.

ಮುಂಬಯಿಯ ರೈಲು ಟಿಕೆಟ್ ರದ್ದಾಯಿತು. ಕಟ್ಟಿದ ಪ್ರವೇಶ ಶುಲ್ಕ ಹೋಯಿತು. 2024ರ ಜನವರಿಯ ಆ ಭಾನುವಾರ ಅವರು ಮನೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಆಗ ಮಗಳು ಮೊದಲ ಪಿಯುಸಿ ವಿಜ್ಞಾನದಲ್ಲಿದ್ದಳು. ಅಪ್ಪನ ಓಟದ ಪುಸ್ತಕವನ್ನು ಪುಟ ಪುಟವಾಗಿ ತಿರುವಿ ನೋಡಿ ಕೇಳಿದಳು: ‘ಅಪ್ಪಾ, ಇದರಲ್ಲಿ ಬರೀ ಖರ್ಚೇ ಇದೆ. ಜಮಾ ಎಲ್ಲಿದೆ?’

ಲೆಕ್ಕದ ಮನುಷ್ಯನಿಗೆ ಆ ಪ್ರಶ್ನೆ ನಾಟಿತು. ಓಟದಿಂದ ಶಕ್ತಿ ಬರುತ್ತದೆಂದು ಅವರು ನಂಬಿದ್ದರು. ನಿಜವೇನೆಂದರೆ, ಓಟ ಶಕ್ತಿಯನ್ನು ಕೇಳುತ್ತದೆ, ಶಕ್ತಿ ಕೂಡುವುದು ಓಟ ನಿಂತ ಮೇಲೆ. ಮೂಳೆ ಕಲ್ಲಿನಂತೆ ಜಡವಾದುದಲ್ಲ. ಹೊಸ ಭಾರ ಬಿದ್ದಾಗ ಅದು ತನ್ನನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಹೊಸದನ್ನು ತುಂಬುತ್ತವೆ. ಮನೆ ರಿಪೇರಿಯ ಹಾಗೆ ಇಲ್ಲಿಯೂ ಒಡೆಯುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ನಡುವಿನ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಆಗಲೇ ಮತ್ತೆ ಭಾರ ಹೇರಿದರೆ ಗೋಡೆ ಬಿರುಕು ಬಿಡದೆ ಏನು ಮಾಡೀತು? ಗಾಢ ನಿದ್ದೆಯಲ್ಲಿ ದೇಹ ಬೆಳವಣಿಗೆಯ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಸ್ನಾಯು ಮೂಳೆಗಳ ದುರಸ್ತಿಗೆ ಅದು ನೆರವು. ನಿದ್ದೆ, ಊಟ, ಬಿಡುವು ಇವೇ ಜಮಾ ಬಾಬತ್ತುಗಳು.

ನ್ಯೂಜಿಲೆಂಡಿನ ಜ್ಯಾಕ್ ಫಾಸ್ಟರ್ ಓಟ ಶುರುಮಾಡಿದ್ದು ಮೂವತ್ತೆರಡನೆಯ ವಯಸ್ಸಿನಲ್ಲಿ. 1974ರ ಕಾಮನ್‌ವೆಲ್ತ್ ಕ್ರೀಡೆಗಳ ಮ್ಯಾರಥಾನಿನಲ್ಲಿ ಬೆಳ್ಳಿ ಗೆದ್ದಾಗ ಅವರಿಗೆ ನಲವತ್ತೊಂದು. ಸ್ಪರ್ಧೆಯಲ್ಲಿ ಓಡಿದ ಪ್ರತಿ ಮೈಲಿಗೆ ಒಂದು ದಿನದಂತೆ ಚೇತರಿಕೆ ಬೇಕು ಎಂಬ ಸೂತ್ರ ಅವರ ಹೆಸರಿನಲ್ಲಿ ಓಟಗಾರರ ನಡುವೆ ಬಳಕೆಯಲ್ಲಿದೆ. ಮ್ಯಾರಥಾನ್ ಇಪ್ಪತ್ತಾರು ಮೈಲಿ, ಆದ್ದರಿಂದ ಇಪ್ಪತ್ತಾರು ದಿನ. ಗುಮಾಸ್ತರಿಗೆ ಈ ಲೆಕ್ಕ ಹಿಡಿಸಿತು. ಎಣಿಸಬಹುದಾದ್ದನ್ನು ಅವರು ನಂಬುತ್ತಾರೆ.

ಪುಸ್ತಕದಲ್ಲಿ ಹೊಸ ಪುಟಕ್ಕೆ ಗೆರೆ ಬಿತ್ತು. ಬಲಗಡೆ ಓಡಿದ ದೂರ. ಎಡಗಡೆ ನಿದ್ದೆಯ ಗಂಟೆ, ಎದ್ದ ತಕ್ಷಣದ ನಾಡಿ, ಬಿಡುವಿನ ದಿನ. ಮಾಮೂಲಿ 58 ಇರುವ ನಾಡಿ ಯಾವತ್ತಾದರೂ 66 ದಾಟಿದರೆ ಅಂದು ಓಟವಿಲ್ಲ. ವಾರಕ್ಕೆ ನಾಲ್ಕೇ ಓಟ. ಮೂರು ವಾರ ಏರಿಸಿದರೆ ನಾಲ್ಕನೆಯ ವಾರ ಇಳಿಸುವುದು. ಸ್ಪರ್ಧೆಗೆ ಮುಂಚಿನ ಎರಡು ವಾರ ದೂರ ಅರ್ಧಕ್ಕಿಂತ ಕಡಿಮೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಓಟ 4 ಗಂಟೆ 29 ನಿಮಿಷಕ್ಕೆ ಮುಗಿಯಿತು. ನಂತರದ ಮೊದಲ ವಾರ ನಡಿಗೆ ಮಾತ್ರ, ಎರಡನೆಯ ವಾರ ಸೈಕಲ್ಲು, ಬಳಿಕ ನಾಲೆ ಏರಿಯ ಮೇಲೆ ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ. ಅರಕಲಗೂಡಿನ ರಸ್ತೆಗೆ ಕಾಲಿಟ್ಟದ್ದು ಇಪ್ಪತ್ತಾರು ದಿನ ಕಳೆದ ಮೇಲೆಯೇ.

2025ರ ಜನವರಿಯಲ್ಲಿ ಮುಂಬಯಿಯನ್ನೂ ಓಡಿದರು. ಹಾಸನ ಸೀಮೆಯ ಚಳಿಯಿಂದ ಸಮುದ್ರದ ದಂಡೆಗೆ ಹೋದವರಿಗೆ ಅಲ್ಲಿಯ ಗಾಳಿಯ ತೇವವೇ ಎದುರಾಳಿ. ಬೆವರು ಬಂದರಷ್ಟೇ ಮೈ ತಂಪಾಗುವುದಿಲ್ಲ, ಅದು ಆರಬೇಕು. ಇದನ್ನರಿತು ಮೊದಲಿನಿಂದಲೂ ತಡೆದು ಓಡಿದರು. ಪೆಡ್ಡರ್ ರಸ್ತೆಯ ಏರಿನಲ್ಲಿ ನಡೆದರು. 4 ಗಂಟೆ 36 ನಿಮಿಷ. ಬೆಂಗಳೂರಿಗಿಂತ ಏಳು ನಿಮಿಷ ಹೆಚ್ಚು. ಆದರೆ ಊರಿಗೆ ಬಂದು ಮಂಡಿಯ ಮೆಟ್ಟಿಲನ್ನು ಮುಮ್ಮುಖವಾಗಿಯೇ ಇಳಿದರು.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಫೆಬ್ರುವರಿಯ ಮೊದಲ ವಾರದ ಒಂದು ದಿನ, ಓಟವಿಲ್ಲದಿದ್ದರೂ ರೂಢಿಯಂತೆ ನಾಲ್ಕೂವರೆಗೆ ಎಚ್ಚರವಾದಾಗ, ಮಗಳ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಬೇಗ ಎದ್ದಿದ್ದಾಳೆಂದುಕೊಂಡು ಬಾಗಿಲು ಸರಿಸಿದರು. ಅವಳು ಮಲಗಿಯೇ ಇರಲಿಲ್ಲ. ಭೌತಶಾಸ್ತ್ರದ ನೋಟ್ಸಿನ ಮೇಲೆ ತಲೆಯಿಟ್ಟು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಕೈಯಲ್ಲಿದ್ದ ಪೆನ್ನು ಹಾಳೆಯ ಮೇಲೆ ಉದ್ದಕ್ಕೆ ಗೀರು ಎಳೆದಿತ್ತು. ಮಾರ್ಚಿಯಲ್ಲಿ ದ್ವಿತೀಯ ಪಿಯುಸಿ, ಏಪ್ರಿಲಿನಲ್ಲಿ ಸಿಇಟಿ. ಮನೆಯಲ್ಲಿ ಯಾರೂ ಅವಳನ್ನು ಒತ್ತಾಯಿಸಿರಲಿಲ್ಲ. ಆದರೆ ಒಂದು ದಿನವೂ ಸಾಲು ಖಾಲಿ ಬಿಡದ ಅಪ್ಪನನ್ನು ನೋಡಿಯೇ ಬೆಳೆದಿದ್ದಳು. ಮಕ್ಕಳು ಹಿರಿಯರ ಮಾತಿಗಿಂತ ರೂಢಿಯನ್ನು ಬೇಗ ಕಲಿಯುತ್ತಾರೆ.

ಓದಿದ್ದು ಮಿದುಳಿನಲ್ಲಿ ನೆಲೆಯೂರುವುದಕ್ಕೂ ನಿದ್ದೆ ಬೇಕು ಎಂಬುದನ್ನು ವಿಜ್ಞಾನ ಓದುವ ಮಗಳಿಗೆ ತೆಂಗಿನಕಾಯಿ ಮಂಡಿಯ ಅಪ್ಪ ಹೇಳಿಕೊಡಬೇಕಿರಲಿಲ್ಲ. ಅವರು ಉಪದೇಶ ಮಾಡಲಿಲ್ಲ. ಸಂಜೆ ಒಂದು ಹೊಸ ನೋಟುಬುಕ್ಕಿಗೆ ನಡುವೆ ಗೆರೆ ಎಳೆದು ಅವಳ ಮೇಜಿನ ಮೇಲಿಟ್ಟರು. ಮಗಳು ನಕ್ಕು, ಎರಡು ದಿನ ಬರೆದಳು: ಭೌತಶಾಸ್ತ್ರ ನಾಲ್ಕು ಗಂಟೆ, ಗಣಿತ ಮೂರು ಗಂಟೆ, ರಸಾಯನಶಾಸ್ತ್ರ ಮೂರು ಗಂಟೆ. ಎಲ್ಲವೂ ಬಲಗಡೆ. ಮೂರನೆಯ ದಿನ ಅಪ್ಪ ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದೇ ಸಾಲು ಬರೆದರು: ‘ಪುಟ್ಟೀ, ಇದರಲ್ಲಿ ಜಮಾ ಎಲ್ಲಿದೆ?’

ಮುಂಬಯಿಯ ಓಟವಾಗಿ ಇಪ್ಪತ್ತೇಳನೆಯ ದಿನ. ನಾಲ್ಕೂವರೆಗೆ ಎದ್ದಾಗ ಮನೆಯೆಲ್ಲ ಕತ್ತಲು. ನಡುಮನೆಯ ಮೇಜಿನ ಮೇಲೆ ಆ ನೋಟುಬುಕ್ಕು ತೆರೆದಿತ್ತು. ಎಡಗಡೆಯಲ್ಲಿ ಮಗಳ ಅಕ್ಷರ: ‘ನಿದ್ದೆ, ಹತ್ತೂವರೆಯಿಂದ ಐದೂವರೆ.’ ಅವರು ಬೂಟನ್ನು ಕೈಯಲ್ಲಿ ಹಿಡಿದುಕೊಂಡು, ಅಗುಳಿಯ ಸದ್ದಾಗದಂತೆ ಬಾಗಿಲು ಮುಂದೆ ಮಾಡಿ, ಹೇಮಾವತಿಯ ಕಡೆಗೆ ನಡೆದರು.