ಹೆಸರು ತಿದ್ದಬೇಕಾದದ್ದು ಎಲ್ಲಿ?

ನಾವು ನಾಲ್ವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ತಾಲೂಕಿಗೊಬ್ಬರು. ನಮ್ಮ ಕಡೆ ಸಂತ್ಯಾಗ ನಿಂತು 'ಬಸವರಾಜ' ಅಂತ ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ. ಅದಕ್ಕೇ ಹೆಸರಿನ ಜೊತೆ ಅಪ್ಪನ ಹೆಸರು, ಅಡ್ಡಹೆಸರು ಬೇಕು. ಅದೂ ಸಾಲದಿದ್ದರೆ ಊರು.

ಕಂಪ್ಯೂಟರಿನೊಳಗೂ ಇಂಥದೇ ಪದ್ಧತಿ ಇದೆ ಎಂದು ಒಂದು ರಾತ್ರಿ ಗೊತ್ತಾಯಿತು. ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಚಾಲೂ ಆದ ಕೂಡಲೇ ಕನ್ನಡ ಟೈಪಿಂಗ್ ತಾನೇ ಶುರುವಾಗಲಿ ಎಂದು, ಇಂಗ್ಲಿಷ್ ಅಕ್ಷರದಲ್ಲಿ 'ಕನ್ನಡ-ಕೀ' ಎಂದು ಹೆಸರಿಟ್ಟ ಒಂದು ಡೆಸ್ಕ್‌ಟಾಪ್ ಫೈಲನ್ನು ಆಟೋಸ್ಟಾರ್ಟ್ ಫೋಲ್ಡರಿನಲ್ಲಿ ಇಟ್ಟಿದ್ದೆವು. ಆ ರಾತ್ರಿ ಅದು ಶುರುವಾಗಲೇ ಇಲ್ಲ. ಒಬ್ಬ ಅಜ್ಜಿಯ ವಿಧವಾ ವೇತನ ನಿಂತ ವರದಿ ಬೆಳಗಾಗುವುದರೊಳಗೆ ಮುಗಿಸಬೇಕಿತ್ತು.

ಹುಡುಕಿದಾಗ ಸಿಕ್ಕ ಹೆಸರು: 'ಆ್ಯಪ್-ಕನ್ನಡ\ಎಕ್ಸ್2ಡಿಕೀ@ಆಟೋಸ್ಟಾರ್ಟ್.ಸರ್ವಿಸ್'. ವೈರಸ್ ಇರಬೇಕೆಂದು ಹೆದರಿದೆವು. ಓದಿ ನೋಡಿದರೆ ಎಲ್ಲಕ್ಕೂ ಅರ್ಥವಿತ್ತು. 'ಆ್ಯಪ್' ಅಂದರೆ ಇದು ಅಪ್ಲಿಕೇಶನ್. ನಡುವೆ ಅದರ ಸ್ವಂತ ಹೆಸರು. '@ಆಟೋಸ್ಟಾರ್ಟ್' ಅಂದರೆ ಲಾಗಿನ್ ಆದಾಗ ತಾನೇ ಶುರುವಾದದ್ದು. ಈ ಪದ್ಧತಿಯಲ್ಲಿ ಅಡ್ಡಗೆರೆ ಹೆಸರಿನ ಭಾಗಗಳನ್ನು ಬೇರೆ ಮಾಡುವ ಗುರುತು. ಹಾಗಾಗಿ ಹೆಸರಿನೊಳಗೇ ಅಡ್ಡಗೆರೆ ಇದ್ದರೆ ಗೊಂದಲವಾಗಬಾರದೆಂದು ಅದರ ಬದಲಿಗೆ 'ಎಕ್ಸ್2ಡಿ' ಎಂಬ ಸಂಕೇತ ಹಾಕುತ್ತಾರೆ.

ಇದನ್ನು ಯಾರೂ ಕೈಯಿಂದ ಬರೆಯುವುದಿಲ್ಲ. 2020ರಲ್ಲಿ ಬಂದ ಸಿಸ್ಟಮ್‌ಡಿ 246ನೇ ಆವೃತ್ತಿಯಿಂದ, ಡೆಸ್ಕ್‌ಟಾಪ್ ಫೈಲ್ ನೋಡಿ ಸರ್ವಿಸ್ ಫೈಲ್ ತಯಾರಿಸುವ ಒಂದು ಜನರೇಟರ್ ಅದರಲ್ಲೇ ಇದೆ.

ತಪ್ಪೂ ಸಿಕ್ಕಿತು. ನಾವು ಫೋಲ್ಡರ್ ಬದಲಿಸಿದ್ದೆವು, ಫೈಲಿನಲ್ಲಿ ಹಳೇ ದಾರಿಯೇ ಇತ್ತು. ಸರ್ವಿಸ್ ಫೈಲ್ ತೆರೆದು ತಿದ್ದಿದೆವು. ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಹಳೇ ತಪ್ಪೇ! ಎರಡು ಸಲ ಹೀಗಾದ ಮೇಲೆ ಫೈಲಿನ ಮೊದಲ ಸಾಲು ಓದಿದೆವು: ಇದು ತಾನಾಗಿಯೇ ತಯಾರಾದದ್ದು ಎಂದಿತ್ತು. ಮೂಲ ಫೈಲ್ ಎಲ್ಲಿದೆ ಎಂಬುದನ್ನೂ ಅದರಲ್ಲೇ ಬರೆದಿತ್ತು. ಅಲ್ಲಿ ತಿದ್ದಿದೆವು. ಟೈಪಿಂಗ್ ಬಂತು.

ಆಗ ಅಜ್ಜಿಯ ಮಾತು ನೆನಪಾಯಿತು. ಅವರ ಹೆಸರು ಒಂದು ಕಾಗದದಲ್ಲಿ ಗಂಡನ ಹೆಸರಿನೊಂದಿಗೆ, ಇನ್ನೊಂದರಲ್ಲಿ ಬರೀ ಅಡ್ಡಹೆಸರಿನೊಂದಿಗೆ ಇತ್ತು. ಎರಡೂ ತಾಳೆಯಾಗದೆ ವೇತನ ನಿಂತಿತ್ತು. 'ಎಷ್ಟ ಸಲ ತಿದ್ದಿಸೀನಿ ತಮ್ಮಾ, ಮಷಿನ್ ಮತ್ತ ಹಳೇ ಹೆಸರನ್ನ ತಗೀತೈತಿ' ಅಂದಿದ್ದರು. ಅವರ ಕೈಯಲ್ಲಿದ್ದ ಪ್ರಿಂಟುಗಳನ್ನು ನೆನಪಿಸಿಕೊಂಡೆವು. ತಿದ್ದಿದ್ದೆಲ್ಲ ಪ್ರಿಂಟಿನ ಮೇಲೆ, ಪೆನ್ನಿನಿಂದ. ಮೂಲ ದಾಖಲೆಯನ್ನು ಯಾರೂ ಮುಟ್ಟಿರಲಿಲ್ಲ.

ವರದಿಯ ಕೊನೆಯ ಭಾಗ ಅಳಿಸಿ ಹೊಸದಾಗಿ ಬರೆದೆವು. ಸೋಮವಾರ ಅಜ್ಜಿಯ ಜೊತೆ ನಾವೂ ಕಚೇರಿಗೆ ಹೋಗುತ್ತಿದ್ದೇವೆ. ಈ ಸಲ ಪ್ರಿಂಟು ಕೇಳುವುದಿಲ್ಲ, ಮೂಲದಲ್ಲಿ ಹೆಸರು ಹೇಗಿದೆ ತೋರಿಸಿ ಎಂದು ಕೇಳುತ್ತೇವೆ. ನಿಮ್ಮ ಮನೆಯಲ್ಲೂ ಇಂಥ ಕಾಗದವಿದ್ದರೆ, ನೀವೂ ಮೊದಲು ಅದನ್ನೇ ಕೇಳಿ.